ದೀಪಧಾರಿಣಿ

ಪ್ರತಿವರ್ಷವೂ ನಮ್ಮ ನಾಡಿನ ಶುಶ್ರೂಷಾ ಶಾಲೆಗಳಲ್ಲಿ ದೀಪ ಬೆಳಗಿಸುವ ಸಮಾರಂಭವೊಂದು ನಡೆಯುತ್ತದೆ. ಹೊಸದಾಗಿ ಸೇರಿದ ವಿದ್ಯಾರ್ಥಿನಿಯರು ಒಬ್ಬರ ದೀಪದಿಂದ ಇನ್ನೊಬ್ಬರು ದೀಪ ಹೊತ್ತಿಸಿಕೊಂಡು, ರೋಗಿಗಳ ಸೇವೆಗೆ ತಮ್ಮನ್ನು ಅರ್ಪಿಸಿಕೊಳ್ಳುವ ಪ್ರತಿಜ್ಞೆಯನ್ನು ಕೈಗೊಳ್ಳುತ್ತಾರೆ. ಆ ಪ್ರತಿಜ್ಞೆಗೆ ಫ್ಲಾರೆನ್ಸ್ ನೈಟಿಂಗೇಲಳ ಹೆಸರಿದೆ. ಆದರೆ ಅದನ್ನು ರಚಿಸಿದವಳು ಆಕೆಯಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಆಕೆಯ ಗೌರವಾರ್ಥವಾಗಿ ರಚಿತವಾದುದು ಅದು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಆಹ್ವಾನದ ಮೇರೆಗೆ ಅಂಥ ಸಮಾರಂಭಕ್ಕೆ ಹೋಗಿದ್ದೆ. ಕಾರ್ಯಕ್ರಮ ಮುಗಿದು ಉಪಾಹಾರ ಸೇವಿಸುತ್ತಿದ್ದಾಗ, ಮುಂದೆ ಯಾವ ವಿಭಾಗದಲ್ಲಿ ಕೆಲಸ ಮಾಡುವ ಆಸೆಯಿದೆಯೆಂದು ಅಲ್ಲಿದ್ದ ಹುಡುಗಿಯರನ್ನು ಕೇಳಿದೆ. ಒಬ್ಬಳು ಶಸ್ತ್ರಚಿಕಿತ್ಸೆಯ ಕೊಠಡಿ ಎಂದಳು. ಇನ್ನೊಬ್ಬಳು ಮಕ್ಕಳ ವಾರ್ಡು ಎಂದಳು. ಮತ್ತೊಬ್ಬಳು ಅಪಘಾತಕ್ಕೊಳಗಾದವರನ್ನು ನೋಡಿಕೊಳ್ಳುವ ವಿಭಾಗವನ್ನು ಬಯಸಿದಳು. ವೃದ್ಧರ ಆರೈಕೆಯನ್ನು ಬಯಸಿದವಳು ಒಬ್ಬಳೂ ಇರಲಿಲ್ಲ. ಏಕೆಂದು ಕೇಳಿದ್ದಕ್ಕೆ ನನ್ನ ವಿದ್ಯಾರ್ಥಿನಿ ಸಂಕೋಚದಿಂದಲೇ ಉತ್ತರವಿತ್ತಳು. ಮುದುಕರು ಗುಣಹೊಂದಿ ಮನೆಗೆ ಹೋಗುವುದು ಕಡಮೆಯಂತೆ, ಹೇಳಿದ್ದನ್ನೇ ಹೇಳುತ್ತಾರಂತೆ, ಅವರ ಬಳಿ ಎಷ್ಟು ದುಡಿದರೂ ಹೊಸದಾಗಿ ಕಲಿಯುವುದು ಏನೂ ಇರುವುದಿಲ್ಲವಂತೆ. ಅರವತ್ತು ದಾಟಿದ ನನಗೆ ಆ ಮಾತು ತುಸು ಚುರುಕೆಂದಿತು. ಆದರೂ ನಾನು ಆಕ್ಷೇಪಿಸಲಿಲ್ಲ. ಹದಿನೆಂಟು ವರ್ಷದ ಮನಸ್ಸು ಹಾಗೆ ಯೋಚಿಸುವುದು ಸಹಜವೇ. ಆದರೆ ಆ ದಿನ ಅವರೆಲ್ಲರ ಕೈಯಲ್ಲಿ ಉರಿದ ದೀಪ ಯಾರ ನೆನಪಿನದೋ ಆಕೆಯ ಬಾಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕೆನಿಸಿತು. ನಮಗೆ ತಿಳಿದಿರುವ ಫ್ಲಾರೆನ್ಸ್ ನೈಟಿಂಗೇಲ್ ಯುದ್ಧಭೂಮಿಯ ಗಾಯಾಳುಗಳ ನಡುವೆ ದೀಪ ಹಿಡಿದು ನಡೆದ ಯುವತಿ. ಆ ಯುದ್ಧಸೇವೆ ಎರಡು ವರ್ಷವೂ ತುಂಬಲಿಲ್ಲ. ಆಕೆ ಬಾಳಿದ್ದು ತೊಂಬತ್ತು ವರ್ಷ.

ಫ್ಲಾರೆನ್ಸ್ ನೈಟಿಂಗೇಲ್ ಜನಿಸಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಶ್ರೀಮಂತರಾದ ಆಕೆಯ ತಂದೆತಾಯಿ ಯೂರೋಪಿನ ಪ್ರವಾಸದಲ್ಲಿದ್ದಾಗ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೂ ಹುಟ್ಟಿದೂರಿನ ಹೆಸರನ್ನೇ ಇಟ್ಟರು. ಹಿರಿಯವಳು ನೇಪಲ್ಸಿನಲ್ಲಿ ಹುಟ್ಟಿದ್ದರಿಂದ ಆ ನಗರದ ಪ್ರಾಚೀನ ಗ್ರೀಕ್ ಹೆಸರಾದ ಪಾರ್ಥೆನೋಪ್ ಎಂಬುದು ಅವಳದಾಯಿತು. ಇಂಗ್ಲೆಂಡಿನಲ್ಲಿ ಅವರಿಗೆ ಎರಡು ದೊಡ್ಡ ಮನೆಗಳಿದ್ದವು; ಡರ್ಬಿಷೈರಿನ ಲೀ ಹರ್ಸ್ಟ್ ಬೇಸಿಗೆಗೆ, ಹ್ಯಾಂಪ್‌ಷೈರಿನ ಎಂಬ್ಲಿ ಉಳಿದ ಕಾಲಕ್ಕೆ. ತಂದೆ ವಿಲಿಯಂ ನೈಟಿಂಗೇಲ್ ವಿದ್ಯಾವಂತ. ಗ್ರೀಕ್, ಲ್ಯಾಟಿನ್, ಇತಿಹಾಸಗಳನ್ನು ಮಕ್ಕಳಿಗೆ ತಾನೇ ಕಲಿಸಿದ. ಗಣಿತದಲ್ಲಿ ಫ್ಲಾರೆನ್ಸಳಿಗೆ ವಿಶೇಷ ಒಲವು. ತಾಯಿ ಫ್ಯಾನಿಗಾದರೋ ಮಗಳು ಒಳ್ಳೆಯ ಮನೆತನವನ್ನು ಸೇರಿ ಸುಖವಾಗಿರಬೇಕೆಂಬುದೊಂದೇ ಹಂಬಲ.

ಹದಿನಾರನೆಯ ವಯಸ್ಸಿನಲ್ಲಿ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಯಾವುದೋ ಸೇವೆಗೆ ಕರೆದಂತೆ ಫ್ಲಾರೆನ್ಸಳಿಗೆ ಅನುಭವವಾಯಿತು. ಆ ಸೇವೆ ಯಾವುದೆಂಬುದು ಮಾತ್ರ ಕೆಲವು ವರ್ಷ ತಿಳಿಯಲಿಲ್ಲ. ಅದು ರೋಗಿಗಳ ಶುಶ್ರೂಷೆ ಎಂದು ಖಚಿತವಾದಾಗ ಮನೆಯಲ್ಲಿ ಬಿರುಗಾಳಿಯೇ ಎದ್ದಿತು. ಅಂದಿನ ಕಾಲದಲ್ಲಿ ಆಸ್ಪತ್ರೆಯ ಶುಶ್ರೂಷೆ ಮಾನವಂತರ ಕೆಲಸವೆಂದು ಯಾರೂ ಭಾವಿಸಿರಲಿಲ್ಲ. ಬೇರೆ ಯಾವ ಕೆಲಸವೂ ಸಿಗದ ಹೆಂಗಸರು ಆ ವೃತ್ತಿಗೆ ಬರುತ್ತಿದ್ದರು. ಅವರಲ್ಲಿ ಕುಡಿತ ಸಾಮಾನ್ಯವೆಂಬ ಅಪಕೀರ್ತಿಯಿತ್ತು. ಕಾದಂಬರಿಕಾರ ಡಿಕನ್ಸ್ ಅಂಥ ಕುಡುಕ ಶುಶ್ರೂಷಕಿಯೊಬ್ಬಳ ಪಾತ್ರವನ್ನು ಸೃಷ್ಟಿಸಿ ಇಡೀ ಇಂಗ್ಲೆಂಡನ್ನು ನಗಿಸಿದ್ದು ಇದೇ ಕಾಲದಲ್ಲಿ.

ಆಕೆಯ ಮೊದಲ ರೋಗಿಗಳು ಯಾರು? ಯೋಧರಲ್ಲ, ಇಬ್ಬರು ಮುದುಕಿಯರು. 1845ರಲ್ಲಿ ತಂದೆಯ ತಾಯಿ ಕಾಯಿಲೆ ಬಿದ್ದಳು. ಆ ಅಜ್ಜಿಯನ್ನು ನೋಡಿಕೊಳ್ಳಲು ಫ್ಲಾರೆನ್ಸಳಿಗೆ ಅನುಮತಿ ಸಿಕ್ಕಿತು. ಮನೆಯವರ ಆರೈಕೆಯೆಂದರೆ ಅದು ಹೆಣ್ಣುಮಕ್ಕಳ ಕರ್ತವ್ಯ. ಅದನ್ನು ಬೇಡವೆನ್ನಲು ತಾಯಿಗೆ ಕಾರಣವಿರಲಿಲ್ಲ. ಅಜ್ಜಿ ಚೇತರಿಸಿಕೊಂಡಳು. ಅಷ್ಟರಲ್ಲಿ ಗೇಲ್ ಎಂಬ ಮುದುಕಿ ಹಾಸಿಗೆ ಹಿಡಿದಳು. ಈಕೆ ಫ್ಲಾರೆನ್ಸಳನ್ನೂ ಅಕ್ಕನನ್ನೂ ಎಳವೆಯಲ್ಲಿ ಎತ್ತಿ ಆಡಿಸಿದ ದಾದಿ. ಅವಳು ಗುಣವಾಗುವ ಭರವಸೆ ಯಾರಿಗೂ ಇರಲಿಲ್ಲ. ಫ್ಲಾರೆನ್ಸ್ ಕೊನೆಯವರೆಗೂ ಅವಳ ಬಳಿಯಲ್ಲಿದ್ದು ಶುಶ್ರೂಷೆ ಮಾಡಿದಳು. ಆಡಿಸಿದ ಕೈಗಳು ಸೋತು ಮಲಗಿದಾಗ ಆಡಿಸಿಕೊಂಡ ಮಗು ಅವುಗಳನ್ನು ಹಿಡಿದು ಕುಳಿತಂತಾಯಿತು. ಇದು ಹೊರಗಿನ ಜಗತ್ತಿಗೆ ಗೊತ್ತಾಗುವಂಥ ಸಂಗತಿಯಲ್ಲ. ಯಾವ ಪತ್ರಿಕೆಯೂ ಇದನ್ನು ವರದಿ ಮಾಡಲಿಲ್ಲ.

ಈ ಎರಡು ಅನುಭವಗಳಿಂದ ಆಕೆಗೆ ಒಂದು ಸತ್ಯ ಗೋಚರವಾಯಿತು. ಪ್ರೀತಿಯಿದ್ದರೆ ಸಾಲದು, ಶುಶ್ರೂಷೆಯನ್ನು ಕಲಿಯಬೇಕು. ಮನಸ್ಸು ಎಷ್ಟೇ ಮೃದುವಾಗಿದ್ದರೂ, ರೋಗಿಯನ್ನು ಮಗ್ಗುಲು ಬದಲಿಸುವುದು ಹೇಗೆ, ಹಾಸಿಗೆಹುಣ್ಣಾಗದಂತೆ ಕಾಯುವುದು ಹೇಗೆ, ನುಂಗಲಾರದವರಿಗೆ ಉಣಿಸುವುದು ಹೇಗೆ ಎಂಬುದು ಬಾರದ ಮೇಲೆ ಪ್ರಯೋಜನವೇನು? ಅದೇ ವರ್ಷದ ಕೊನೆಯಲ್ಲಿ, ಸಾಲಿಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದು ಕಲಿತುಬರುವ ತನ್ನ ಯೋಜನೆಯನ್ನು ಆಕೆ ಮನೆಯವರ ಮುಂದಿಟ್ಟಳು. ತಾಯಿ ಗಾಬರಿಗೊಂಡು ಅತ್ತಳು. ಅಕ್ಕ ಕಾಯಿಲೆ ಬಿದ್ದಳು. ತಂದೆ ಬೇಸರದಿಂದ ದೂರ ಸರಿದ. ಯೋಜನೆ ಮುರಿದುಬಿತ್ತು. ಮುಂದಿನ ಐದಾರು ವರ್ಷಗಳ ಕಾಲ ಆಕೆ ಬೆಳಗಿನ ಜಾವಕ್ಕೇ ಎದ್ದು, ಮೋಂಬತ್ತಿಯ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನು ಗುಟ್ಟಾಗಿ ಓದುತ್ತ, ಅಂಕಿ ಅಂಶಗಳನ್ನು ಟಿಪ್ಪಣಿ ಮಾಡಿಕೊಳ್ಳುತ್ತ ಕಾಲ ಕಳೆದಳು. ಬೆಳಗಾದ ಮೇಲೆ ಊಟದ ಕೋಣೆಯಲ್ಲಿ ಅತಿಥಿಗಳೊಡನೆ ನಗುನಗುತ್ತ ಕುಳಿತಿರಬೇಕಾಗಿತ್ತು.

1851ರಲ್ಲಿ ಬಾಗಿಲು ತೆರೆಯಿತು. ಜರ್ಮನಿಯ ಡಸೆಲ್‌ಡಾರ್ಫ್ ಬಳಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರ್ ಒಂದು ಸೇವಾಶ್ರಮವನ್ನು ಸ್ಥಾಪಿಸಿದ್ದ. ಆಸ್ಪತ್ರೆ, ಅನಾಥಾಲಯ, ಶಿಶುಶಾಲೆಗಳಿದ್ದ ಆ ಆಶ್ರಮದಲ್ಲಿ ಫ್ಲಾರೆನ್ಸ್ ಮೂರು ತಿಂಗಳು ತರಬೇತಿ ಪಡೆದಳು. 1853ರ ಆಗಸ್ಟಿನಲ್ಲಿ ಲಂಡನ್ನಿನ ಹಾರ್ಲಿ ಬೀದಿಯಲ್ಲಿದ್ದ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಳು. ಮರ್ಯಾದಸ್ಥ ಮನೆತನದವರಾಗಿಯೂ ಹಣವಿಲ್ಲದೆ ಕಷ್ಟದಲ್ಲಿದ್ದ ಹೆಂಗಸರ ಆಸ್ಪತ್ರೆ ಅದು. ಶ್ರೀಮಂತರ ಮಕ್ಕಳಿಗೆ ಪಾಠ ಹೇಳಿ ಸವೆದುಹೋದ ಉಪಾಧ್ಯಾಯಿನಿಯರು ಅಲ್ಲಿಗೆ ಬಂದು ಸೇರುತ್ತಿದ್ದರು. ಆಕೆ ಅಲ್ಲಿ ಮೊದಲು ಗಮನಿಸಿದ್ದು ಶುಶ್ರೂಷಕಿಯರು ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ದಣಿಯುತ್ತಿದ್ದುದನ್ನು. ಪ್ರತಿ ಅಂತಸ್ತಿಗೂ ಬಿಸಿನೀರಿನ ಕೊಳವೆ, ಊಟವನ್ನು ಮೇಲಕ್ಕೆ ಎಳೆದುಕೊಳ್ಳುವ ಯಂತ್ರ, ರೋಗಿ ಕರೆದರೆ ಕೇಳಿಸುವ ಗಂಟೆ ಇವುಗಳಿಗಾಗಿ ಆಕೆ ಆಡಳಿತದವರನ್ನು ಒತ್ತಾಯಿಸಿದಳು. ದಯೆಗೂ ಕೊಳಾಯಿಗೂ ಸಂಬಂಧವಿದೆಯೆಂಬುದನ್ನು ಆಕೆಯಷ್ಟು ಸ್ಪಷ್ಟವಾಗಿ ಕಂಡವರು ವಿರಳ.

ಕ್ರಿಮಿಯಾ ಯುದ್ಧದ ಕಥೆಯನ್ನು ನೀವು ಕೆಳಗಿನ ತರಗತಿಗಳಲ್ಲಿ ಓದಿರಬಹುದು. ರಷ್ಯದ ವಿರುದ್ಧ ಹೋರಾಡುತ್ತಿದ್ದ ಬ್ರಿಟಿಷ್ ಸೈನಿಕರ ದುರವಸ್ಥೆ ಪತ್ರಿಕೆಗಳಲ್ಲಿ ಬಯಲಾದಾಗ, ಮಂತ್ರಿ ಸಿಡ್ನಿ ಹರ್ಬರ್ಟನ ಕೋರಿಕೆಯಂತೆ 1854ರ ಅಕ್ಟೋಬರ್ 21ರಂದು ಫ್ಲಾರೆನ್ಸ್ 38 ಶುಶ್ರೂಷಕಿಯರೊಡನೆ ಹೊರಟು, ನವೆಂಬರ್ 4ರಂದು ತುರ್ಕಿಯ ಸ್ಕುಟಾರಿಯನ್ನು ಮುಟ್ಟಿದಳು. ಸೈನಿಕರ ವಸತಿಯೊಂದನ್ನೇ ಅಲ್ಲಿ ಆಸ್ಪತ್ರೆಯಾಗಿ ಮಾರ್ಪಡಿಸಿದ್ದರು. ಕೆಳಗೆ ತುಂಬಿ ಕೊಳೆಯುತ್ತಿದ್ದ ಚರಂಡಿಗಳು, ಮೇಲೆ ಕಿಕ್ಕಿರಿದ ರೋಗಿಗಳು. ಗಾಯಗಳಿಂದ ಸತ್ತವರಿಗಿಂತ ಕಾಲರಾ, ಆಮಶಂಕೆ, ಟೈಫಸ್ ಜ್ವರಗಳಿಂದ ಸತ್ತವರೇ ಬಹಳ. 1855ರ ಫೆಬ್ರವರಿಯಲ್ಲಿ ನೂರಕ್ಕೆ 42 ಮಂದಿ ರೋಗಿಗಳು ಸಾಯುತ್ತಿದ್ದರು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುಚಿಗೊಳಿಸಿ, ಗಾಳಿಯಾಡುವಂತೆ ಮಾಡಿದ ಮೇಲೆ ಜೂನ್ ವೇಳೆಗೆ ಈ ಸಂಖ್ಯೆ ನೂರಕ್ಕೆ ಎರಡರ ಸಮೀಪಕ್ಕೆ ಇಳಿಯಿತು. ರಾತ್ರಿಯ ಹೊತ್ತು ದೀಪ ಹಿಡಿದು ಮೈಲುಗಟ್ಟಲೆ ಉದ್ದದ ಹಾಸಿಗೆಸಾಲುಗಳ ನಡುವೆ ಸಂಚರಿಸುತ್ತಿದ್ದ ಫ್ಲಾರೆನ್ಸಳನ್ನು ಸೈನಿಕರು ಆರಾಧಿಸಿದರು. ಕವಿಗಳು ಹಾಡಿದರು, ಚಿತ್ರಕಾರರು ಚಿತ್ರಿಸಿದರು. ಆಕೆಯಾದರೋ 1856ರಲ್ಲಿ ಯಾರಿಗೂ ತಿಳಿಸದೆ ಸದ್ದಿಲ್ಲದೆ ಮನೆಗೆ ಹಿಂದಿರುಗಿದಳು. ಅಷ್ಟೊಂದು ಸಾವುಗಳಿಗೆ ಕೊಳಕೇ ಕಾರಣವೆಂಬ ಅರಿವು ಆಕೆಯನ್ನು ಕೊರೆಯುತ್ತಿತ್ತು. ಅಂಕಿ ಅಂಶಗಳನ್ನು ಕಲೆಹಾಕಿ, ಬಣ್ಣದ ವೃತ್ತಚಿತ್ರಗಳ ಮೂಲಕ ಸರ್ಕಾರದ ಕಣ್ಣು ತೆರೆಸಲು ಆಕೆ ಶ್ರಮಿಸಿದಳು.

ಯುದ್ಧಭೂಮಿಯಲ್ಲಿ ತಗುಲಿದ ಜ್ವರ ಆಕೆಯ ದೇಹವನ್ನು ಜರ್ಜರಗೊಳಿಸಿತ್ತು. 1857ರ ನಂತರ ಆಕೆ ಬಹುಕಾಲ ಹಾಸಿಗೆಯಲ್ಲಿಯೇ, ಕೋಣೆಯಲ್ಲಿಯೇ ಕಳೆಯಬೇಕಾಯಿತು. ದೀರ್ಘರೋಗಿಯಾಗಿ ಮಲಗಿರುವುದೆಂದರೇನೆಂಬುದು ಹೀಗೆ ಮೂವತ್ತೇಳರ ವಯಸ್ಸಿಗೇ ಆಕೆಗೆ ಸ್ವಾನುಭವವಾಯಿತು. ಆ ಕೋಣೆಯಿಂದಲೇ ಆಕೆ ಬರೆದ ಶುಶ್ರೂಷೆಯ ಕೈಪಿಡಿ 1860ರ ಹೊತ್ತಿಗೆ ಮನೆಮನೆಗಳನ್ನು ತಲುಪಿತು. ಅದನ್ನು ಓದಿದರೆ ಹಾಸಿಗೆಯಲ್ಲಿರುವವರ ಕಣ್ಣಿನಿಂದಲೇ ಬರೆದಂತಿದೆ. ರೋಗಿಯ ಬೆನ್ನ ಹಿಂದೆ ನಿಂತು ಮಾತನಾಡಬಾರದು. ಅವನು ಕತ್ತು ತಿರುಗಿಸದೆಯೇ ನೋಡುವಂತೆ ಎದುರಿಗೆ ಕುಳಿತು ಮಾತನಾಡಬೇಕು. ಮಂಚಕ್ಕೆ ಒರಗಬಾರದು. ಬಾಗಿಲ ಆಚೆ ಪಿಸುಗುಟ್ಟಬಾರದು. ಏನೂ ಆಗಿಲ್ಲ, ಬೇಗ ಗುಣವಾಗುವಿರಿ ಎಂಬ ಹುಸಿಭರವಸೆಯ ಹರಟೆಯಿಂದ ರೋಗಿಯನ್ನು ದಣಿಸಬಾರದು. ಬಹುಕಾಲ ಒಂದೇ ಗೋಡೆಯನ್ನು ನೋಡುತ್ತ ಮಲಗಿದವರಿಗೆ ಒಂದು ಹೂಗೊಂಚಲು, ಕಿಟಕಿಯಾಚೆಯ ನೋಟ, ಒಂದು ಸಾಕುಹಕ್ಕಿ ಕೂಡ ಔಷಧಿಯಂತೆ ನೆರವಾಗುವುದು. ಬಲಗುಂದಿದವರ ಅಂಗಾಲುಗಳು ತಣ್ಣಗಾಗಿವೆಯೇ ಎಂದು ಆಗಾಗ ಕೈಯಿಂದ ಮುಟ್ಟಿ ನೋಡಬೇಕು. ಬೆಳಗಿನ ಜಾವದ ಚಳಿಯಲ್ಲಂತೂ ಎಚ್ಚರ ತಪ್ಪಬಾರದು. ಗಮನಿಸಿ, ಇವುಗಳಲ್ಲಿ ಯಾವುದೂ ರೋಗ ವಾಸಿಯಾಗುತ್ತದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿಲ್ಲ. ವಾಸಿಯಾಗದವನಿಗೂ ಅಂಗಾಲು ತಣ್ಣಗಾಗುತ್ತದೆ.

ಕ್ರಿಮಿಯಾದ ಸೇವೆಯನ್ನು ಮೆಚ್ಚಿ ಜನರು ಸುಮಾರು 45,000 ಪೌಂಡುಗಳ ನಿಧಿಯನ್ನು ಕೂಡಿಸಿದ್ದರು. ಅದರ ಸಹಾಯದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆ ಪ್ರಾರಂಭವಾಯಿತು. ಮೊದಲ ತಂಡದಲ್ಲಿ 15 ವಿದ್ಯಾರ್ಥಿನಿಯರು. ಒಂದು ವರ್ಷದ ಶಿಕ್ಷಣ. ಊಟ, ವಸತಿ, ಉಡುಪುಗಳ ಜೊತೆಗೆ ವರ್ಷಕ್ಕೆ 10 ಪೌಂಡು. ಮೇಟ್ರನ್ ವಾರ್ಡ್ರೋಪರ್ ಪ್ರತಿಯೊಬ್ಬಳ ಕೆಲಸ ಮತ್ತು ನಡತೆಯನ್ನು ತಿಂಗಳು ತಿಂಗಳೂ ಪುಸ್ತಕದಲ್ಲಿ ದಾಖಲಿಸುತ್ತಿದ್ದಳು. ಇಲ್ಲಿ ಕಲಿತವರಿಗೆ ಒಳ್ಳೆಯ ಆಸ್ಪತ್ರೆಗಳಿಂದ ಕರೆ ಬರತೊಡಗಿತು. ವೃತ್ತಿಗೆ ಮಾನ ಬಂದಿತು. ಆದರೆ ಹೊಸ ಮಾನದೊಡನೆ ಒಂದು ಹೊಸ ಪ್ರಶ್ನೆಯೂ ಬಂದಿತು. ತರಬೇತಿ ಪಡೆದ ಈ ಕೈಗಳು ಯಾರ ಬಳಿಗೆ ಹೋಗಬೇಕು?

ಈ ಪ್ರಶ್ನೆ ಅರ್ಥವಾಗಬೇಕಾದರೆ ಅಂದಿನ ಇಂಗ್ಲೆಂಡಿನ ವರ್ಕ್‌ಹೌಸ್‌ಗಳ ವಿಚಾರ ಸ್ವಲ್ಪ ತಿಳಿಯಬೇಕು. ದಾನದತ್ತಿಗಳಿಂದ ನಡೆಯುತ್ತಿದ್ದ ಸೇಂಟ್ ಥಾಮಸಿನಂಥ ಆಸ್ಪತ್ರೆಗಳು ಗುಣವಾಗಬಲ್ಲ ರೋಗಿಗಳನ್ನು ಸೇರಿಸಿಕೊಳ್ಳಲು ಬಯಸುತ್ತಿದ್ದವು. ಗುಣವಾಗದ ಬಡವರು, ಕೈಕಾಲು ಸೋತ ಮುದುಕರು ಹೋಗಬೇಕಾದುದು ವರ್ಕ್‌ಹೌಸಿಗೆ. 1834ರ ಬಡವರ ಕಾನೂನಿನ ಪ್ರಕಾರ ಗತಿಯಿಲ್ಲದವರಿಗೆ ಅನ್ನ, ವಸತಿ ಕೊಟ್ಟು ದುಡಿಸಿಕೊಳ್ಳುವ ಮನೆಗಳಿವು. ಸೋಮಾರಿಗಳು ಇತ್ತ ತಲೆಹಾಕದಿರಲೆಂದು ಅಲ್ಲಿನ ಬಾಳನ್ನು ಬೇಕೆಂದೇ ಕಠಿಣಗೊಳಿಸಲಾಗಿತ್ತು. ಒಳಗೆ ಬಂದೊಡನೆ ಗಂಡಸರು ಒಂದೆಡೆ, ಹೆಂಗಸರು ಒಂದೆಡೆ. ನಲವತ್ತು ಐವತ್ತು ವರ್ಷ ಒಟ್ಟಿಗೆ ಬಾಳಿದ ಮುದಿ ದಂಪತಿಗಳೂ ಅಗಲಬೇಕಾಗಿತ್ತು. ಅರವತ್ತು ದಾಟಿದ ದಂಪತಿಗಳನ್ನು ಬೇರ್ಪಡಿಸದಿರಲು 1847ರಲ್ಲಿ ಕಾನೂನು ಅವಕಾಶ ಕೊಟ್ಟರೂ ಅನೇಕ ಕಡೆ ಅದು ಕಾಗದದ ಮೇಲೆಯೇ ಉಳಿಯಿತು. ಅಲ್ಲಿ ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುತ್ತಿದ್ದವರು ಯಾರು? ಅದೇ ಮನೆಯ ಇತರ ನಿರ್ಗತಿಕ ಹೆಂಗಸರು. ಬಹುಮಂದಿಗೆ ಓದು ಬಾರದು. ಔಷಧದ ಸೀಸೆಯ ಮೇಲಿನ ಚೀಟಿಯನ್ನು ಓದಲಾರದವರು ಔಷಧ ಕುಡಿಸಬೇಕು. ಕೆಲವರು ತಾವೇ ಎದ್ದು ನಡೆಯಲಾರದಷ್ಟು ಮುದುಕಿಯರು. ರೋಗಿಗಳಿಗೆಂದು ಕೊಟ್ಟ ಮದ್ಯ ಎಷ್ಟೋ ವೇಳೆ ಅವರ ಗಂಟಲಲ್ಲಿಯೇ ಇಳಿಯುತ್ತಿತ್ತು.

ಲಿವರ್‌ಪೂಲ್ ನಗರದ ವಿಲಿಯಂ ರಾಥ್‌ಬೋನ್ ಎಂಬ ಉದಾರಿ ವರ್ತಕ ಇದನ್ನು ಕಂಡು ನೊಂದವನು. ತನ್ನ ಪತ್ನಿಯ ಕೊನೆಗಾಲದಲ್ಲಿ ಒಳ್ಳೆಯ ಶುಶ್ರೂಷಕಿಯ ಸೇವೆಯ ಬೆಲೆಯನ್ನು ಅರಿತಿದ್ದ ಅವನು, ಅದೇ ಸೇವೆ ಬಡವರ ಮನೆಗಳಿಗೂ ದೊರೆಯಬೇಕೆಂದು ಹಂಬಲಿಸಿದ. 1864ರ ಜನವರಿಯಲ್ಲಿ ಅವನು ಫ್ಲಾರೆನ್ಸಳಿಗೆ ಪತ್ರ ಬರೆದ. ಬ್ರೌನ್ಲೋ ಹಿಲ್ ವರ್ಕ್‌ಹೌಸಿನ ಆಸ್ಪತ್ರೆಗೆ ತರಬೇತಿ ಪಡೆದ ಶುಶ್ರೂಷಕಿಯರನ್ನು ಕಳುಹಿಸಿದರೆ ವೆಚ್ಚವನ್ನು ತಾನು ಭರಿಸುವುದಾಗಿ ತಿಳಿಸಿದ. ಫ್ಲಾರೆನ್ಸ್ ಆ ಕಾರ್ಯಕ್ಕೆ ಆರಿಸಿದ್ದು ಆ್ಯಗ್ನೆಸ್ ಜೋನ್ಸ್ ಎಂಬ ಐರ್ಲೆಂಡಿನ ಮನೆತನದ ತರುಣಿಯನ್ನು. ಕೈಸರ್ಸ್‌ವರ್ತಿನಲ್ಲಿಯೂ ಸೇಂಟ್ ಥಾಮಸಿನಲ್ಲಿಯೂ ಶಿಕ್ಷಣ ಪಡೆದ ಆಕೆ ಶ್ರೀಮಂತಳು, ಸುಂದರಿ. ತನ್ನ ವಿದ್ಯಾರ್ಥಿನಿಯರಲ್ಲಿ ಅತ್ಯುತ್ತಮಳೆಂದು ಫ್ಲಾರೆನ್ಸ್ ಎಣಿಸಿದವಳನ್ನೇ ಎಲ್ಲರೂ ಮೂಗು ಮುಚ್ಚಿಕೊಳ್ಳುವ ಸ್ಥಳಕ್ಕೆ ಕಳುಹಿಸಿದಳು. ನನಗೆ ಈ ಆಯ್ಕೆಯೇ ಆಕೆಯ ಬಾಳಿನ ಅತ್ಯಂತ ಅರ್ಥವತ್ತಾದ ಕೆಲಸವೆಂದು ತೋರುತ್ತದೆ. ಸಾಮಾನ್ಯವಾಗಿ ನಾವು ಜಾಣರನ್ನು ಗೌರವದ ಸ್ಥಾನಕ್ಕೆ ಕಳುಹಿಸಿ, ಉಳಿದವರನ್ನು ಇಂಥ ಕಡೆಗೆ ಅಟ್ಟುತ್ತೇವೆ.

1865ರಲ್ಲಿ ಆ್ಯಗ್ನೆಸ್ ಅಧಿಕಾರ ವಹಿಸಿಕೊಂಡಳು. ಮೇ ತಿಂಗಳಲ್ಲಿ 12 ಮಂದಿ ಶುಶ್ರೂಷಕಿಯರು ಲಂಡನ್ನಿನಿಂದ ಬಂದು ಸೇರಿದರು. ಎದುರಿಗೆ ಸುಮಾರು 1,200 ರೋಗಿಗಳು. ವೃದ್ಧರು, ದೀರ್ಘರೋಗಿಗಳು, ಕುಡಿದು ಹಾಳಾದವರು, ಬುದ್ಧಿ ಸ್ತಿಮಿತವಿಲ್ಲದವರು ಎಲ್ಲರೂ ಒಂದೇ ಸೂರಿನ ಕೆಳಗೆ. ತಿಂಗಳುಗಟ್ಟಲೆ ಬದಲಾಯಿಸದ ಬಟ್ಟೆಗಳು, ತೊಳೆಯದ ಮೈಗಳು. ಅಲ್ಲಿನ ನಿರ್ಗತಿಕ ಹೆಂಗಸರಿಗೇ ಸಂಬಳ ಕೊಟ್ಟು ಕಲಿಸಿ ಸಹಾಯಕರನ್ನಾಗಿ ಮಾಡುವ ಆ್ಯಗ್ನೆಸಳ ಪ್ರಯತ್ನ ಫಲಿಸಲಿಲ್ಲ. ಕುಡಿತದ ಕಾರಣ ಅನೇಕರನ್ನು ತೆಗೆದುಹಾಕಬೇಕಾಯಿತು. ವರ್ಕ್‌ಹೌಸಿನ ಅಧಿಕಾರಿಯೊಡನೆ ದಿನನಿತ್ಯದ ತಿಕ್ಕಾಟ ಬೇರೆ. ದಣಿವು, ನಿರಾಶೆ, ಕೋಪಗಳನ್ನೆಲ್ಲ ಆಕೆ ಪತ್ರಗಳಲ್ಲಿ ತೋಡಿಕೊಂಡಾಗ ಫ್ಲಾರೆನ್ಸ್ ಹಾಸಿಗೆಯಿಂದಲೇ ಉತ್ತರಿಸಿ ಧೈರ್ಯ ತುಂಬಿದಳು, ಅಗತ್ಯವಿದ್ದಾಗ ಗದರಿಸಿದಳು. ಮೆಲ್ಲಮೆಲ್ಲನೆ ವಾರ್ಡುಗಳ ಮುಖಚಹರೆ ಬದಲಾಯಿತು. ಹಾಸಿಗೆಗಳು ಶುಭ್ರವಾದವು, ಊಟ ಹೊತ್ತುಹೊತ್ತಿಗೆ ಬರತೊಡಗಿತು, ಹಳೆಯ ರೋಗಿಗಳು ಬೈಗುಳವನ್ನು ಮರೆತರು. ಇಂಥ ಶುಶ್ರೂಷೆ ಉಳಿಯಬೇಕೆಂದು ಆಡಳಿತ ಮಂಡಳಿಯೇ ಒಪ್ಪುವಂತಾಯಿತು. ಆದರೆ ಆ್ಯಗ್ನೆಸಳ ಶರೀರ ಒಪ್ಪಲಿಲ್ಲ. ರೋಗಿಗಳಿಂದ ತಗುಲಿದ ಟೈಫಸ್ ಜ್ವರಕ್ಕೆ ತುತ್ತಾಗಿ 1868ರ ಫೆಬ್ರವರಿ 19ರಂದು ಆಕೆ ತೀರಿಕೊಂಡಳು. ವಯಸ್ಸು 35.

ಪ್ರಿಯಶಿಷ್ಯೆಯ ಸಾವು ಫ್ಲಾರೆನ್ಸಳನ್ನು ಅಲ್ಲಾಡಿಸಿತು. ಕೆಲವು ತಿಂಗಳಲ್ಲೇ ಆಕೆ ಪತ್ರಿಕೆಯೊಂದರಲ್ಲಿ ಲೇಖನವನ್ನು ಪ್ರಕಟಿಸಿದಳು. ಇಂಗ್ಲಿಷ್ ಕವಿ ಸ್ಪೆನ್ಸರನ ಕಾವ್ಯದಲ್ಲಿ ಊನಾ ಎಂಬ ಮುಗ್ಧ ಕನ್ಯೆಯೊಡನೆ ಕಾಡಿನ ಸಿಂಹವೊಂದು ಸೌಮ್ಯವಾಗಿ ನಡೆಯುತ್ತದೆ. ವರ್ಕ್‌ಹೌಸಿನ ಒರಟರ ನಡುವೆ ನಡೆದ ಆ್ಯಗ್ನೆಸಳನ್ನು ಊನಾಗೆ ಹೋಲಿಸಿ, ಆಕೆಯ ಸ್ಥಾನವನ್ನು ತುಂಬಲು ಬನ್ನಿರೆಂದು ನಾಡಿನ ತರುಣಿಯರನ್ನು ಕರೆದಳು. ಆ ಕರೆಯಲ್ಲಿ ಪುಸಲಾವಣೆಯಿಲ್ಲ. ಕೆಲಸ ಸುಲಭವೆಂದು ಆಕೆ ಹೇಳಲಿಲ್ಲ. ಕೇವಲ ಉತ್ಸಾಹದಿಂದ ಬರಬೇಡಿರಿ, ಕಲಿತು ಬನ್ನಿರಿ ಎಂಬುದು ಅದರ ತಿರುಳು. ಚಿತ್ರಕಲೆಗೋ ಶಿಲ್ಪಕ್ಕೋ ವರ್ಷಗಟ್ಟಲೆ ಅಭ್ಯಾಸ ಬೇಕಾದಂತೆ, ಜೀವವಿರುವ ದೇಹವನ್ನು ನೋಡಿಕೊಳ್ಳುವ ಕಲೆಗೂ ಅಭ್ಯಾಸ ಬೇಕೆಂಬುದು ಆಕೆಯ ವಾದ. ಮುದುಕರ ಬಳಿ ಕಲಿಯುವುದೇನೂ ಇಲ್ಲವೆಂದ ನನ್ನ ವಿದ್ಯಾರ್ಥಿನಿಗೆ ಈ ಲೇಖನವನ್ನು ಓದಿಸಬೇಕೆಂದು ನನಗೆ ಎಷ್ಟೋ ಬಾರಿ ಅನ್ನಿಸಿದೆ. ಅವಳು ಬುದ್ಧಿವಂತೆ, ಓದಿದ ಮೇಲೆ ನನ್ನೊಡನೆ ವಾದಕ್ಕೂ ನಿಲ್ಲಬಲ್ಲಳು.

ಲಿವರ್‌ಪೂಲಿನಲ್ಲಿ ಆ್ಯಗ್ನೆಸ್ ದುಡಿಯುತ್ತಿದ್ದ ವರ್ಷಗಳಲ್ಲಿಯೇ ಲಂಡನ್ನಿನಲ್ಲಿ ಫ್ಲಾರೆನ್ಸ್ ಕಾನೂನಿನ ಹೋರಾಟವನ್ನೂ ನಡೆಸಿದಳು. 1864ರ ಡಿಸೆಂಬರಿನಲ್ಲಿ ಲಂಡನ್ನಿನ ವರ್ಕ್‌ಹೌಸೊಂದರಲ್ಲಿ ಆರೈಕೆಯಿಲ್ಲದೆ ಕೂಲಿಕಾರನೊಬ್ಬ ಸತ್ತಾಗ ಪತ್ರಿಕೆಗಳು ಗದ್ದಲವೆಬ್ಬಿಸಿದವು. ಸಮಯವರಿತ ಆಕೆ ಮಂತ್ರಿ ವಿಲಿಯರ್ಸನಿಗೆ ಬರೆದು, ರೋಗಿಗಳು, ಮತಿವಿಕಲರು, ಗುಣವಾಗದವರು, ಮಕ್ಕಳು ಇವರನ್ನು ದುಡಿಯಬಲ್ಲ ನಿರುದ್ಯೋಗಿಗಳಿಂದ ಬೇರ್ಪಡಿಸಿ ಪ್ರತ್ಯೇಕ ಸಂಸ್ಥೆಗಳಲ್ಲಿ ನೋಡಿಕೊಳ್ಳಬೇಕೆಂದೂ, ವೆಚ್ಚವನ್ನು ಇಡೀ ನಗರ ಹಂಚಿಕೊಳ್ಳಬೇಕೆಂದೂ ವಾದಿಸಿದಳು. ಬಡವ ಕಾಯಿಲೆ ಬಿದ್ದ ಕ್ಷಣದಿಂದ ಅವನು ನಮ್ಮಂತೆಯೇ ನೋವುಣ್ಣುವ ಮನುಷ್ಯ, ಶಿಕ್ಷೆಗೆ ಅರ್ಹನಾದ ಭಿಕ್ಷುಕನಲ್ಲ ಎಂಬ ನಿಲುವು ಆಕೆಯದು. 1867ರಲ್ಲಿ ಲಂಡನ್ನಿಗೆ ಅನ್ವಯಿಸುವ ಕಾನೂನು ಹೊರಬಂದಿತು. ಆಕೆ ಬಯಸಿದ್ದೆಲ್ಲವೂ ಅದರಲ್ಲಿರಲಿಲ್ಲ. ಆದರೂ ಬಡರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆಗಳು ಏಳಲು ಅದು ದಾರಿ ಮಾಡಿತು. ಆಕೆಯ ಶಾಲೆಯಲ್ಲಿ ಕಲಿತವರು ಹೈಗೇಟಿನಂಥ ಕಡೆಗಳಲ್ಲಿ ಅವುಗಳ ಹೊಣೆ ಹೊತ್ತರು.

ಭಾರತಕ್ಕೆ ಆಕೆ ಎಂದೂ ಬರಲಿಲ್ಲ. ಆದರೂ ಇಲ್ಲಿನ ಸೈನ್ಯದ ಆರೋಗ್ಯ, ಹಳ್ಳಿಗಳ ನೈರ್ಮಲ್ಯ, ನೀರಾವರಿ, ಬರಗಾಲಗಳ ವಿಷಯದಲ್ಲಿ ದಶಕಗಳ ಕಾಲ ಬರೆದಳು. 1865ರಲ್ಲಿ ಭಾರತದ ಆಸ್ಪತ್ರೆಗಳ ಶುಶ್ರೂಷಾ ವ್ಯವಸ್ಥೆಗೆ ಸಲಹೆಗಳನ್ನು ಸಿದ್ಧಪಡಿಸಿ ಕೊಟ್ಟಳು. ಆಕೆಯ ಅಭಿಪ್ರಾಯಗಳೆಲ್ಲವೂ ಸರಿಯಾಗಿದ್ದವೆಂದಲ್ಲ. ರೋಗಗಳು ಸೂಕ್ಷ್ಮಜೀವಿಗಳಿಂದ ಒಬ್ಬರಿಂದೊಬ್ಬರಿಗೆ ಹರಡುತ್ತವೆ ಎಂಬುದನ್ನು ಬಹುಕಾಲ ಒಪ್ಪಲಿಲ್ಲ. ಶುಶ್ರೂಷಕಿಯರಿಗೆ ಪರೀಕ್ಷೆ ನಡೆಸಿ ಹೆಸರು ನೋಂದಾಯಿಸುವ ಪದ್ಧತಿಯನ್ನೂ ವಿರೋಧಿಸಿದಳು. ಪರೀಕ್ಷೆಯಲ್ಲಿ ತೇರ್ಗಡೆಯಾದವಳೆಲ್ಲ ಒಳ್ಳೆಯ ಶುಶ್ರೂಷಕಿಯಾಗಲಾರಳೆಂಬ ಆಕೆಯ ಶಂಕೆಯಲ್ಲಿ ನಿಜವಿಲ್ಲದಿಲ್ಲ; ಆದರೆ ಇತಿಹಾಸ ಆಕೆಯ ದಾರಿಯಲ್ಲಿ ನಡೆಯಲಿಲ್ಲ.

ಇಷ್ಟೆಲ್ಲ ನಡೆಯುತ್ತಿದ್ದಾಗ ಮನೆಯಲ್ಲಿ ತಂದೆತಾಯಿ ಮುದುಕರಾಗುತ್ತಿದ್ದರು. 1874ರ ಜನವರಿಯಲ್ಲಿ ತಂದೆ ತೀರಿಕೊಂಡ. ಗಂಡುಮಕ್ಕಳಿಲ್ಲದ್ದರಿಂದ ಆಸ್ತಿ ದಾಯಾದಿಗಳ ಪಾಲಾಗಿ ತಾಯಿ ತನ್ನ ಮನೆಯನ್ನೇ ಬಿಡಬೇಕಾಯಿತು. ಎಂಬತ್ತು ದಾಟಿದ ಫ್ಯಾನಿಗೆ ಕಣ್ಣು ಕಾಣುತ್ತಿರಲಿಲ್ಲ, ನೆನಪು ಕುಂದಿತ್ತು. ಎಲ್ಲಿದ್ದೇನೆ, ಯಾರೊಡನಿದ್ದೇನೆ ಎಂಬುದೇ ಕೆಲವೊಮ್ಮೆ ತಿಳಿಯುತ್ತಿರಲಿಲ್ಲ. ಅಕ್ಕನೂ ಅಸ್ವಸ್ಥಳಾದ್ದರಿಂದ ಹೊಣೆ ಬಿದ್ದದ್ದು ಫ್ಲಾರೆನ್ಸಳ ಮೇಲೆ. ಯಾವ ಮನೆಯಿಂದ ಬಿಡಿಸಿಕೊಳ್ಳಲು ಹದಿನಾರು ವರ್ಷ ಹೋರಾಡಿದ್ದಳೋ ಅದೇ ಮನೆಗೆ, ಯಾವ ತಾಯಿ ತನ್ನ ದಾರಿಗೆ ಅಡ್ಡನಿಂತಿದ್ದಳೋ ಅದೇ ತಾಯಿಗಾಗಿ, ಐವತ್ತುನಾಲ್ಕರ ವಯಸ್ಸಿನಲ್ಲಿ ಆಕೆ ಹಿಂದಿರುಗಬೇಕಾಯಿತು. ಬೇಸಿಗೆಯ ತಿಂಗಳುಗಳನ್ನು ತಾಯಿಗೆ ಪ್ರಿಯವಾದ ಲೀ ಹರ್ಸ್ಟಿನಲ್ಲಿ ಕಳೆದಳು. ಇದನ್ನು ಆಕೆ ಸಂತೋಷದಿಂದಲೇ ಮಾಡಿದಳೆಂದು ಬರೆದರೆ ಸುಳ್ಳಾದೀತು. ತನ್ನ ಕೆಲಸ ಕೆಡುತ್ತಿದೆಯೆಂದು ಗೊಣಗಿದಳು. ಮಿತ್ರರಿಗೆ ದೂರಿ ಬರೆದಳು. ಮುದುಕರ ಆರೈಕೆ ಎಷ್ಟು ಬೇಸರ ತರಬಲ್ಲದೆಂಬುದು ಜಗತ್ತಿನ ಶುಶ್ರೂಷಕಿಯರ ಗುರುವಿಗೂ ಗೊತ್ತಿತ್ತು. ಆದರೂ ಬಿಟ್ಟು ಹೋಗಲಿಲ್ಲ. ದಿನಗಳೆದಂತೆ ಹಳೆಯ ಕಹಿ ಕರಗಿತು. 1880ರ ಫೆಬ್ರವರಿಯಲ್ಲಿ ತಾಯಿ ನೆಮ್ಮದಿಯಿಂದ ಕಣ್ಣುಮುಚ್ಚಿದಳು.

ತಾಯಿಯನ್ನು ನೋಡಿಕೊಳ್ಳುತ್ತಿದ್ದ ಈ ವರ್ಷಗಳಲ್ಲಿಯೇ ಫ್ಲಾರೆನ್ಸ್ ಶಾಲೆಯ ವಿದ್ಯಾರ್ಥಿನಿಯರಿಗೆ ಹೆಚ್ಚು ಹತ್ತಿರವಾದಳು. 1872ರಿಂದ ಹಲವು ವರ್ಷ ಅವರಿಗೆಂದು ವಾರ್ಷಿಕ ಪತ್ರಗಳನ್ನು ಬರೆದಳು. ಸೌತ್ ಬೀದಿಯ ತನ್ನ ಮನೆಗೆ ಒಬ್ಬೊಬ್ಬರನ್ನೇ ಕರೆಸಿ, ಚಹ ಕೊಟ್ಟು, ಅವರ ವಾರ್ಡು, ಅವರ ರೋಗಿಗಳು, ಅವರ ಕಷ್ಟಗಳನ್ನು ವಿಚಾರಿಸುತ್ತಿದ್ದಳು. ದೂರದ ಆಸ್ಪತ್ರೆಗೆ ಹೊರಟವರಿಗೆ ತಿಂಡಿಯ ಬುಟ್ಟಿಯನ್ನು ಕಟ್ಟಿಸಿಕೊಡುತ್ತಿದ್ದಳು. ಯೌವನದಲ್ಲಿ ಮೊನಚಾಗಿದ್ದ ಆಕೆಯ ಸ್ವಭಾವ ಮುಪ್ಪಿನಲ್ಲಿ ಮೃದುವಾಯಿತೆಂದು ಬಲ್ಲವರು ಹೇಳುತ್ತಾರೆ.

ಮುಪ್ಪು ಆಕೆಯನ್ನೂ ಬಿಡಲಿಲ್ಲ. 1901ರ ಹೊತ್ತಿಗೆ ದೃಷ್ಟಿ ಹೋಯಿತು. ಅನಂತರ ನೆನಪೂ ಮಸುಕಾಯಿತು. ಲಕ್ಷಾಂತರ ಅಂಕಿಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದವಳಿಗೆ ಎದುರಿಗಿದ್ದವರ ಗುರುತು ಹತ್ತುವುದೂ ಕಷ್ಟವಾಯಿತು. ನೋಡಿಕೊಳ್ಳಲು ಶುಶ್ರೂಷಕಿಯನ್ನು ನೇಮಿಸಲಾಯಿತು. ಇತರರಿಂದ ಸೇವೆ ಮಾಡಿಸಿಕೊಳ್ಳುವುದು ಆಕೆಗೆ ರೂಢಿಯಿಲ್ಲ. ರಾತ್ರಿ 'ಶುಶ್ರೂಷಕಿ' ಬಂದು ಹೊದಿಕೆಯನ್ನು ಸರಿಪಡಿಸಿ, ಅಂಚುಗಳನ್ನು ಮಡಿಸಿ, ಪಕ್ಕದ ತನ್ನ ಕೋಣೆಗೆ ಹೋಗಿ ಮಲಗಿದ ಮೇಲೆ, ಫ್ಲಾರೆನ್ಸ್ ಮೆಲ್ಲನೆ ಎದ್ದು, ಆ ಕೋಣೆಗೆ ಹೋಗಿ, ತನ್ನ ಶುಶ್ರೂಷಕಿಗೇ ಹೊದಿಕೆ ಹೊದಿಸಿ ಬರುತ್ತಿದ್ದಳಂತೆ.

1907ರಲ್ಲಿ ಇಂಗ್ಲೆಂಡಿನ ದೊರೆ ಆಕೆಗೆ ಆರ್ಡರ್ ಆಫ್ ಮೆರಿಟ್ ಪದವಿಯನ್ನಿತ್ತ. ಆ ಗೌರವವನ್ನು ಪಡೆದ ಮೊದಲ ಸ್ತ್ರೀ ಆಕೆ. ಆದರೆ ತನಗೆ ಸಂದುದೇನೆಂಬುದು ಆಕೆಗೆ ಪೂರ್ತಿಯಾಗಿ ಅರಿವಾಗುವ ಕಾಲ ಮೀರಿತ್ತು. 1910ರ ಆಗಸ್ಟ್ 13ರಂದು ನಿದ್ರೆಯಲ್ಲಿಯೇ ಪ್ರಾಣ ಹೋಯಿತು. ಮಹಾಪುರುಷರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸ್ಥಳ ಕೊಡಲು ಸರ್ಕಾರ ಮುಂದೆ ಬಂದಿತು. ಆಕೆಯ ಇಚ್ಛೆಯನ್ನು ಬಲ್ಲ ಬಂಧುಗಳು ಒಪ್ಪಲಿಲ್ಲ. ಸೈನ್ಯದ ಆರು ಮಂದಿ ಸಾರ್ಜೆಂಟರು ಶವಪೆಟ್ಟಿಗೆಯನ್ನು ಹೊತ್ತರು. ಎಂಬ್ಲಿಯ ಸಮೀಪದ ಈಸ್ಟ್ ವೆಲ್ಲೊ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ, ತಂದೆತಾಯಿಯರ ಸಮಾಧಿಯಲ್ಲಿಯೇ ಆಕೆಯನ್ನೂ ಮಣ್ಣುಮಾಡಿದರು. ಕಲ್ಲಿನ ಮೇಲೆ ಆಕೆಯ ಪೂರ್ಣ ಹೆಸರಿಲ್ಲ. ಎರಡು ಮೊದಲಕ್ಷರಗಳೂ ಹುಟ್ಟಿದ, ತೀರಿಕೊಂಡ ದಿನಗಳೂ ಮಾತ್ರ ಇವೆ.